ಕಂಬದ ಕೆಳಗಿನ ಆಸ್ಟರ್ ಪಾತಿ

ಸಾಂತಾಕ್ರೂಜ್‌ನ ಆ ನಾಲ್ಕಂತಸ್ತಿನ ವಸತಿ ಸೊಸೈಟಿ ಏಳುವ ಮೊದಲು ಅಲ್ಲಿ ಒಬ್ಬ ಪಾರ್ಸಿ ಹೆಂಗಸಿನ ಬಂಗಲೆ ಇತ್ತು. ಗನಿಸಾಬ ಹದಿನೇಳು ವರ್ಷ ಅದರ ಮಾಲಿ. ೧೯೬೯ರಲ್ಲಿ ಬಂಗಲೆ ಕೆಡವುವ ಹಿಂದಿನ ದಿನ ಅವನು ಆಸ್ಟರ್ ಬುಡಗಳನ್ನಷ್ಟೇ ಅಗೆದು ಗೋಣಿಚೀಲದಲ್ಲಿ ಕಟ್ಟಿಕೊಂಡ. ಧಾರಾವಿಯ ತನ್ನ ಮನೆ ಮುಂದೆ, ತಗಡಿನ ಡಬ್ಬಿಗಳಲ್ಲಿ, ಕಟ್ಟಡ ಏಳುವವರೆಗೆ ಅವನ್ನು ಕಾಪಾಡಿದ. ಮಳೆಗಾಲ ಮುಗಿದು ದಸರೆ ಕಳೆದರೆ ಆ ಗಿಡಗಳು ಮೈತುಂಬ ನೇರಳೆ ಹೂ ಬಿಡುತ್ತಿದ್ದವು; ಪ್ರತಿ ಹೂವಿನ ನಡುವೆ ಅರಿಸಿನದ ಚುಕ್ಕೆ.

ಸೊಸೈಟಿ ಅವನನ್ನೇ ಮಾಲಿಯಾಗಿ ಇಟ್ಟುಕೊಂಡಿತು. ಗೇಟಿನ ಪಕ್ಕದ ಹನ್ನೆರಡು ಅಡಿಯ ಪಾತಿಗೆ ಬುಡಗಳು ವಾಪಸು ಬಂದವು. ೧೯೭೦ರ ದೀಪಾವಳಿಗೆ ಹೂ ಬಂತು. ಮರುವರ್ಷದ ದೀಪಾವಳಿಗೆ ಬರಲಿಲ್ಲ. ಈಗ ೧೯೭೨ರ ಸೆಪ್ಟೆಂಬರ್. ಗಿಡ ಸೊಂಟದೆತ್ತರ, ಎಲೆ ಕಡುಹಸಿರು, ಮೊಗ್ಗಿನ ಸುಳಿವಿಲ್ಲ.

"ಏನಪ್ಪಾ ಗನಿಸಾಬ್, ಪಾಲಕ್ ಸೊಪ್ಪು ಬೆಳೀತಿದೀಯಾ?" ಎಂದು ಕೇಳಿದರು ಸೆಕ್ರೆಟರಿ ಸೀತಾರಾಮ್. ಫೋರ್ಟ್ ಪ್ರದೇಶದ ಬ್ಯಾಂಕೊಂದರಲ್ಲಿ ಅಧಿಕಾರಿ, ಮೂಲತಃ ಮೈಸೂರಿನವರು. ಒಂಬತ್ತು ಹನ್ನೆರಡರ ಲೋಕಲ್ ಹಿಡಿಯುವ ಅವಸರದಲ್ಲೂ ಪಾತಿಯ ಮುಂದೆ ನಿಂತಿದ್ದರು.

"ಬರ್ತಾವ್ರೀ ಸಾಹೇಬ್ರ. ಗೊಬ್ಬರ ಹಾಕೀನಿ."

"ಹೋದ ವರ್ಷಾನೂ ಹಾಕಿದ್ದೆ. ಸ್ಕೂಟರ್ ಇಡೋಕೆ ಜಾಗ ಇಲ್ಲ ಅಂತ ನಾಲ್ಕು ಮನೆಯವರು ಬರೆದುಕೊಟ್ಟಿದಾರೆ. ದೀಪಾವಳಿ ತನಕ ನೋಡ್ತೀನಿ. ಹೂ ಬರದಿದ್ರೆ ಇಲ್ಲಿ ಸಿಮೆಂಟ್ ಹಾಕಿಸ್ತೀವಿ. ಆಮೇಲೆ ಮಾಲಿ ಯಾಕೆ ಅಂತ ಮೀಟಿಂಗಲ್ಲಿ ಕೇಳೇ ಕೇಳ್ತಾರೆ, ನಾನೇನು ಹೇಳಲಿ?"

ಅವರು ಹೋದ ಮೇಲೆ ಗನಿಸಾಬ ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿದ. ನೀರು ಹೆಚ್ಚು ಮಾಡಿ ನೋಡಿದ್ದ, ಕಡಿಮೆ ಮಾಡಿ ನೋಡಿದ್ದ. ಕುಡಿ ಚಿವುಟಿ, ಬೇವಿನ ಹಿಂಡಿ ಹಾಕಿ ನೋಡಿದ್ದ. ಮೂರನೇ ಮಹಡಿಯವರು ಮಾಲಿಯ ಕೈಗುಣ ಹೋಯಿತು ಎಂದು ಆಡಿಕೊಂಡದ್ದು ಅವನ ಕಿವಿಗೂ ಬಿದ್ದಿತ್ತು. ಆ ಮಾತು ಕೆಲಸ ಹೋಗುವ ಮಾತಿಗಿಂತ ಹೆಚ್ಚು ಚುಚ್ಚಿತ್ತು.

ಗಣಪತಿ ವಿಸರ್ಜನೆ ಮುಗಿದ ವಾರ ಅವನ ಹೆಂಡತಿ ಹಸೀನಾ ಬಾಗಿಲಲ್ಲೇ ತಡೆದಳು. "ಕ್ಯಾ ಜೀ, ದೊಡ್ಡ ಮಾಲಿ, ಇಲ್ಲಿ ನೋಡ್ರಿ." ಸೊಸೈಟಿಗೆ ಒಯ್ಯುವಾಗ ಉಳಿದುಹೋದ ಒಂದೇ ಬುಡ ಇನ್ನೂ ಮನೆ ಮುಂದಿನ ಡಬ್ಬಿಯಲ್ಲಿತ್ತು. ಅವಳು ಅದಕ್ಕೆ ಹಾಕುತ್ತಿದ್ದುದು ಅಕ್ಕಿ ತೊಳೆದ ನೀರು, ನೆನಪಾದರೆ. ತುದಿಯಲ್ಲಿ ಜೋಳದ ಕಾಳಿನಷ್ಟು ಮೊಗ್ಗು ಕಟ್ಟಿದ್ದವು.

"ನನ್ನ ಕೈಗೂ ಪಗಾರ ಕೊಡಾಕ ಹೇಳ್ರಿ ನಿಮ್ಮ ಸಾಹೇಬಗ," ಎಂದಳು ಹಸೀನಾ.

ಗನಿಸಾಬ ನಗಲಿಲ್ಲ. ಒಂದೇ ತಾಯಿಬುಡ. ಅಲ್ಲಿ ಹಸನಾದ ಮಣ್ಣು, ಇಲ್ಲಿ ತುಕ್ಕು ಹಿಡಿದ ಡಬ್ಬಿ. ಹಾಗಾದರೆ ತಪ್ಪು ಮಣ್ಣಿನದಲ್ಲ, ನೀರಿನದೂ ಅಲ್ಲ.

ಮರುದಿನ ಐದು ಗಂಟೆಗೆ ಅವನು ಹೊರಡುವ ಹೊತ್ತಿಗೆ ಮಳೆ ಹಿಡಿಯಿತು. ಆ ವರ್ಷ ಅಪರೂಪಕ್ಕೆ ಬಂದ ಜೋರು ಮಳೆ. ಗೇಟಿನ ಛಾವಣಿಯ ಕೆಳಗೆ ಕೂತು ಕಾದ. ಆರೂವರೆಗೆ ತಲೆಯ ಮೇಲೆ ಏನೋ ಚಿಟಿಚಿಟಿ ಅಂದಿತು; ಕಂಬದ ಮರ್ಕ್ಯುರಿ ದೀಪ ಮೊದಲು ಮಂಕಾಗಿ, ಆಮೇಲೆ ಬೆಳ್ಳಗೆ ಉರಿಯಿತು. ಹಿಂದಿನ ವರ್ಷ ಎರಡು ಸೈಕಲ್ ಕಳುವಾದ ಮೇಲೆ ಸೀತಾರಾಮ್ ಓಡಾಡಿ ಹಾಕಿಸಿದ ದೀಪ ಅದು. ದಿನವೂ ಹಗಲಲ್ಲೇ ಮನೆಗೆ ಹೋಗುವ ಗನಿಸಾಬ ಅದು ಉರಿದದ್ದನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಪಾತಿಯ ಒಂದೊಂದು ಎಲೆಯನ್ನೂ ಎಣಿಸಬಹುದಾಗಿತ್ತು. ಧಾರಾವಿಯ ಅವನ ಗಲ್ಲಿಗೆ ದೀಪವೇ ಬಂದಿರಲಿಲ್ಲ.

ಅವನು ಒದ್ದೆ ಚಪ್ಪಲಿ ಹೊರಗೆ ಬಿಟ್ಟು ಸೀತಾರಾಮರ ಬಾಗಿಲು ತಟ್ಟಿದ.

"ದೀಪಕ್ಕೂ ಹೂವಿಗೂ ಏನು ಸಂಬಂಧನಯ್ಯ?" ಸೀತಾರಾಮ್ ಪತ್ರಿಕೆ ಮಡಚಿದರು. "ಆ ದೀಪಕ್ಕೆ ನಾನು ಏಳು ಅರ್ಜಿ ಬರೆದಿದೀನಿ."

"ಗಿಡಕ್ಕ ಕತ್ತಲಾದದ್ದ ಗೊತ್ತಾಗವಲ್ದ್ರಿ ಸಾಹೇಬ್ರ. ಬ್ಯಾಸಗಿ ಇನ್ನೂ ಮುಗಿದಿಲ್ಲ ಅನ್ಕೊಂಡು ಬರೇ ಎಲಿ ಬಿಡಾಕತ್ತೈತಿ."

ಅಡುಗೆಮನೆಯಿಂದ ಅವರ ಹೆಂಡತಿ ಅಲಮೇಲು ಕೈ ಒರೆಸಿಕೊಳ್ಳುತ್ತ ಬಂದರು. ಕೆಳಮನೆಯ ಅವರ ಕಿಟಕಿಗೆ ಆ ಪಾತಿಯೇ ನೋಟ. "ಅಲ್ಲಾ, ಸಂಕ್ರಾಂತಿಗೆ ಹೂ ಬಂದಿತ್ತಲ್ಲ. ಎಳ್ಳು ಬೀರೋ ತಟ್ಟೇಲಿ ಅದೇ ನೇರಳೆ ಹೂ ಇಟ್ಟಿದ್ದೆ ನಾನು. ಇಷ್ಟು ತಡವಾಗಿ ಬಂತಲ್ಲ ಅಂತ ಅನ್ಕೊಂಡಿದ್ದೆ."

"ಡಿಸೆಂಬರ್‌ನ್ಯಾಗ ಲಡಾಯಿ ಇತ್ತಲ್ರೀ ಅಮ್ಮಾರ," ಎಂದ ಗನಿಸಾಬ ನಿಧಾನವಾಗಿ. "ದೀಪ ಎಲ್ಲಾ ಆರಿಸಿದ್ರು."

ಸೀತಾರಾಮ್ ಎದ್ದು ಸೊಸೈಟಿಯ ಫೈಲು ತಂದರು. ಬ್ಲ್ಯಾಕೌಟ್ ಶುರುವಾದದ್ದು ಡಿಸೆಂಬರ್ ಮೂರಕ್ಕೆ. ಯುದ್ಧ ಮುಗಿದ ಮೇಲೂ ಕಂಬದ ಬಲ್ಬು ಹತ್ತಿರಲಿಲ್ಲ. ಅದನ್ನು ದೂರಿ ಅವರೇ ಬರೆದ ಮೂರು ಪತ್ರಗಳು ಅಲ್ಲಿದ್ದವು. ಹೊಸ ಬಲ್ಬು ಬಂದದ್ದು ಫೆಬ್ರವರಿ ನಾಲ್ಕರಂದು. ಅವರು ಬೆರಳಲ್ಲಿ ಲೆಕ್ಕ ಹಾಕಿದರು. ಡಿಸೆಂಬರ್ ಮೂರರಿಂದ ಸಂಕ್ರಾಂತಿಗೆ ಆರು ವಾರ.

"ದೀಪ ಆರಿಸೋಕೆ ಆಗಲ್ಲ," ಎಂದರು. "ಅರ್ಧ ಪಾತಿಗೆ ಮರೆ ಕಟ್ಟು. ಇನ್ನರ್ಧ ಹಾಗೇ ಇರಲಿ. ವ್ಯತ್ಯಾಸ ಕಂಡರೆ ಒಪ್ಪಿಕೊಳ್ತೀನಿ."

ಮರೆಗೆ ಬೇಕಾದದ್ದು ಮನೆಯಲ್ಲೇ ಸಿಕ್ಕಿತು. ಬ್ಲ್ಯಾಕೌಟಿನಲ್ಲಿ ಕಿಟಕಿಗಳಿಗೆ ಅಂಟಿಸಿದ್ದ ಕಪ್ಪು ಕಾಗದವನ್ನು ಅಲಮೇಲು ಸುತ್ತಿ ಅಟ್ಟದಲ್ಲಿ ಇಟ್ಟಿದ್ದರು. "ಬೇಕಾಗುತ್ತೆ ಅಂದಾಗ ನಕ್ಕಿದ್ರಿ," ಎಂದು ಗಂಡನಿಗೆ ನೆನಪಿಸಿದರು. ಗನಿಸಾಬ ಬಿದಿರಿನ ಚೌಕಟ್ಟು ಮಾಡಿ, ಕಾಗದ ಬಿಗಿದು, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ. ಸಂಜೆ ದೀಪದ ಕಡೆಗೆ ನಿಲ್ಲಿಸಿ ಕಂಬಕ್ಕೆ ಕಟ್ಟಬೇಕು, ಬೆಳಿಗ್ಗೆ ಬಿಚ್ಚಬೇಕು. ಸಂಜೆಯ ಕೆಲಸ ಅಲಮೇಲು ವಹಿಸಿಕೊಂಡರು. ಬೆಳಿಗ್ಗೆ ಧಾರಾವಿಯಿಂದ ಬರುತ್ತಲೇ ಗನಿಸಾಬನ ಕಣ್ಣು ಮೊದಲು ಹಗ್ಗದ ಗಂಟಿನ ಮೇಲೆ, ಆಮೇಲೆ ಕುಡಿಯ ಮೇಲೆ ಹೋಗುತ್ತಿತ್ತು.

ದಸರೆ ಬಂತು. ಮರೆಯ ಭಾಗದಲ್ಲಿ ಒಂದಿಷ್ಟು ಕುಡಿಗಳು ದಪ್ಪಗಾಗಿದ್ದವು, ಅಷ್ಟೇ. ಸೀತಾರಾಮ್ ಬಗ್ಗಿ ನೋಡಿ ಸ್ಟೇಷನ್ ಕಡೆ ನಡೆದರು. ಮರುವಾರ ಅಲಮೇಲು ಮಾಟುಂಗದಲ್ಲಿ ತಂಗಿಯ ಮನೆಯ ನಾಮಕರಣಕ್ಕೆ ಹೋಗಿ ಎರಡು ದಿನ ಉಳಿದರು. ಹೇಳಿಹೋಗಲು ಮರೆತಿದ್ದರು. ಬೆಳಿಗ್ಗೆ ಬಂದ ಗನಿಸಾಬ ಅವರ ಕಿಟಕಿ ಮುಚ್ಚಿರುವುದು ಕಂಡು ಪಾತಿಯ ಕಡೆ ಓಡಿದ. ಆದರೆ ಚೌಕಟ್ಟು ನಿಂತೇ ಇತ್ತು. ಹಗ್ಗದ ಗಂಟು ಮಾತ್ರ ಬೇರೆ: ಅಲಮೇಲುವಿನ ಬಿಗಿ ಗಂಟಲ್ಲ, ಎಳೆದರೆ ಬಿಚ್ಚುವ, ಕಚೇರಿಯ ಫೈಲಿಗೆ ಹಾಕುವ ಗಂಟು. ಎರಡನೆಯ ಬೆಳಿಗ್ಗೆಯೂ ಅದೇ. ಗನಿಸಾಬ ಆ ವಿಷಯ ಯಾರಿಗೂ ಹೇಳಲಿಲ್ಲ.

ನರಕಚತುರ್ದಶಿಯ ಬೆಳಿಗ್ಗೆ ಪಾತಿಯ ಮರೆಯ ಭಾಗದಲ್ಲಿ ಒಂಬತ್ತು ಹೂ ಅರಳಿದ್ದವು. ಮೊಗ್ಗು ನೂರಕ್ಕೂ ಮಿಗಿಲು, ತುದಿಯಲ್ಲಿ ನೇರಳೆ ಬಣ್ಣ ಇಣುಕುತ್ತಿತ್ತು. ಇನ್ನರ್ಧದಲ್ಲಿ ಒಂದೂ ಇಲ್ಲ. ನಡುವಿನ ಗೆರೆ ಅಳತೆಪಟ್ಟಿ ಇಟ್ಟು ಎಳೆದಂತಿತ್ತು. ಎಣ್ಣೆಸ್ನಾನ ಮುಗಿಸಿ ಬಂದ ಸೀತಾರಾಮ್ ಎರಡೂ ಕಡೆ ಎರಡೆರಡು ಸಲ ನೋಡಿದರು.

"ಒಂಬತ್ತೇ?"

"ಇವತ್ತ ಒಂಬತ್ತು ರೀ. ಮುಂದಿನ ವಾರ ಬಂದು ಎಣಸ್ರೀ, ರಜಾ ಹಾಕಬೇಕಾಗತೈತಿ."

ಮೂರನೇ ಮಹಡಿಯವರು ಮೆಟ್ಟಿಲಿಳಿದು ಬಂದು, ಅರ್ಧ ಪಾತಿ ಸತ್ತಿದೆಯೇ ಎಂದು ಕೇಳಿದರು. "ಸತ್ತಿಲ್ಲ, ನಿದ್ದೆ ಬಂದಿಲ್ಲ," ಎಂದರು ಸೀತಾರಾಮ್. ಆಮೇಲೆ ಕಂಬದ ಕಡೆ ಕತ್ತೆತ್ತಿ ಕೈಯಲ್ಲಿ ಅಂದಾಜು ಅಳೆದರು. ದೀಪದ ಈ ಬದಿಗೊಂದು ತಗಡಿನ ಮರೆ ಕೂರಿಸಿದರೆ ಗೇಟಿಗೆ ಬೆಳಕು, ಪಾತಿಗೆ ಕತ್ತಲು. ಸ್ಕೂಟರ್‌ಗಳು ಬೆಳಕು ಬೀಳುವ ಗೇಟಿನ ಇನ್ನೊಂದು ಬದಿ ನಿಂತರೆ ಕಳ್ಳತನದ ಭಯವೂ ಕಡಿಮೆ.

"ಇನ್ನೊಂದು ಅರ್ಜಿ ಬರೀಬೇಕಾಯ್ತು," ಎಂದರು. "ಎಂಟನೇದು."

ಅಲಮೇಲು ಮೂರು ಹೂ ಕೇಳಿ ಕೊಯ್ದುಕೊಂಡರು. ಆರನ್ನು ಗನಿಸಾಬ ಗಿಡದಲ್ಲೇ ಬಿಟ್ಟ. ಸಂಜೆ ಮನೆ ಸೇರಿದಾಗ ಡಬ್ಬಿಯ ಗಿಡ ಹೂ ತುಂಬಿ ಬಾಗಿತ್ತು. ಹಸೀನಾ ಅದಕ್ಕೆ ಹಳೆಯ ಛತ್ರಿಯ ಕೋಲು ಆಸರೆ ಕೊಟ್ಟಿದ್ದಳು.

"ಮುನಿಸಿಪಾಲ್ಟಿಯವರು ಬಂದಿದ್ರು," ಎಂದಳು. "ನಮ್ಮ ಗಲ್ಲಿಗೂ ಲೈಟ್ ಹಾಕ್ತಾರಂತ, ಮುಂದಿನ ವರ್ಷ."

ಗನಿಸಾಬ ಡಬ್ಬಿಯನ್ನು ನೋಡಿದ, ಗಲ್ಲಿಯ ಎರಡೂ ಕೊನೆ ನೋಡಿದ. "ಹಾಕ್ಲಿ," ಎಂದ. "ಕಂಬ ಎಲ್ಲಿ ನಿಲ್ಲಸ್ಬೇಕಂತ ನಾ ಹೇಳ್ತೀನಿ."