ಬೈಯುವ ಶನಿವಾರ

ಕೈದಿಗಳಿಗೆ ಸಿಟ್ಟು ಹತೋಟಿಗೆ ತರುವುದನ್ನು ಕಲಿಸುವ ಜೈಲಿನ ತರಗತಿಯಲ್ಲಿ ಆ ವಾರ, ಎಲ್ಲರೂ ವೆಲ್ಡರ್ ಎಂದು ಕರೆಯುವ ಕೈದಿಯ ಮಗಳ ಪಾತ್ರ ಗುಡ್ಡನ ಪಾಲಿಗೆ ಬಂತು. ಗುಡ್ಡ ಎಂದರೆ ಹಿಂದೆ ಲಾರಿ ಓಡಿಸುತ್ತಿದ್ದ ಆಸಾಮಿ; ಕುಳಿತರೆ ಎರಡು ಕುರ್ಚಿ ಬೇಕು. ಅವನು ಎಂಟು ವರ್ಷದ ಹುಡುಗಿಯಂತೆ ಕಾಲು ಜೋಡಿಸಿ, ಮೀಸೆಯಡಿ ತುಟಿ ಸೊಟ್ಟಗೆ ಮಾಡಿ ಕುಳಿತಾಗ ಪಾಠ ಹೇಳುವ ಮೇಡಂ ಕೂಡ ಪುಸ್ತಕ ಅಡ್ಡ ಹಿಡಿದು ನಕ್ಕರು.

ವೆಲ್ಡರ್ ನಗಲಿಲ್ಲ. ಏಳು ಸಮುದ್ರದಾಚೆ ಗಿಣಿಯೊಳಗೆ ಜೀವ ಬಚ್ಚಿಟ್ಟ ರಾಕ್ಷಸನ ಹಾಗೆ, ಅವನ ಜೀವವೂ ಗೋಡೆಯಾಚೆಯ ಹುಡುಗಿಯೊಬ್ಬಳಲ್ಲಿತ್ತು. ವರ್ಷದ ಹಿಂದೆ ತಾಯಿ ಮಗಳು ಭೇಟಿಗೆ ಬಂದಾಗ, ತಡಮಾಡಿದಳೆಂದು ಅವನು ಹೆಂಡತಿಯ ಮೇಲೆ ಕೂಗಾಡಿದ್ದ. ಅಮ್ಮನ ಬೆನ್ನ ಹಿಂದೆ ಸೇರಿಕೊಂಡ ಮಗಳು ಮತ್ತೆ ಬಂದಿರಲಿಲ್ಲ. ಈ ಶನಿವಾರ ಒಂದು ಸಲ ಬರುತ್ತೇನೆ, ಕೂಗಿದರೆ ಇನ್ನು ಯಾವತ್ತೂ ಇಲ್ಲ ಎಂದು ಹೇಳಿ ಕಳಿಸಿದ್ದಳು.

ವಾರವಿಡೀ ಗುಡ್ಡ ಅವನನ್ನು ಬಗೆಬಗೆಯಾಗಿ ಕೆಣಕಿದ. ಯಾಕೆ ಕೂಗಿದೆ, ಅಮ್ಮನಿಗೆ ಯಾಕೆ ಬೈದೆ, ಮನೆಗೆ ಯಾವಾಗ ಬರುತ್ತೀಯ ಎಂದೆಲ್ಲ ಕೇಳಿದ. ಮೊದಲ ದಿನ ವೆಲ್ಡರ್ ಕುರ್ಚಿ ಒದ್ದು ಎದ್ದುಹೋದ. ಮೂರನೆಯ ದಿನಕ್ಕೆ ಎಲ್ಲದಕ್ಕೂ ಮೆಲ್ಲಗೆ ಉತ್ತರ ಕೊಟ್ಟ; ಕ್ಷಮೆ ಕೇಳುವ ಮಾತನ್ನಂತೂ ಬಾಯಿಪಾಠ ಮಾಡಿಕೊಂಡ. "ಪಾಸಾದೆ ಹೋಗಪ್ಪ," ಎಂದ ಗುಡ್ಡ.

ಶನಿವಾರ ಮಗಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವನು ಬಾಯಿಪಾಠದ ಮಾತು ಶುರುಮಾಡಿದ್ದೇ ತಡ, ಅಂಗೈಯಿಂದ ಮೇಜು ಬಡಿದಳು.

"ಸುಮ್ನಿರಪ್ಪ. ಈಗ ನಾನು ಮಾತಾಡ್ತೀನಿ."

ಬಾಗಿಲ ಬಳಿಯ ಪೇದೆ ಎದ್ದು ನಿಂತ. ಅಮ್ಮ ಅವಳ ತೋಳು ಹಿಡಿದಳು. ಇಂಥದ್ದನ್ನು ಗುಡ್ಡ ಹೇಳಿಕೊಟ್ಟಿರಲಿಲ್ಲ. ಬಾಯಿಗೆ ಬಂದ ಕೂಗನ್ನು ವೆಲ್ಡರ್ ನುಂಗಿಕೊಂಡ.

"ಬಿಡು ಅವಳನ್ನ," ಎಂದ ಹೆಂಡತಿಗೆ. "ಬೈಲಿ."

ಅವಳು ಬೈದಳು. ಸೈಕಲ್ ಹಿಡಿದುಕೊಳ್ಳಲು ಯಾರೂ ಇಲ್ಲದೆ ಬಿದ್ದು ಮೊಣಕಾಲು ತರಚಿದ್ದು, ಅಮ್ಮ ನಲ್ಲಿ ಬಿಟ್ಟುಕೊಂಡು ಸ್ನಾನದ ಮನೆಯಲ್ಲಿ ಅಳುವುದು, ಅಪ್ಪ ಹಡಗಿನಲ್ಲಿದ್ದಾನೆ ಎಂದು ಶಾಲೆಯಲ್ಲಿ ಸುಳ್ಳು ಹೇಳಬೇಕಾದದ್ದು, ಎಲ್ಲ ಅವನ ತಪ್ಪು. ಹಡಗಿನ ಹೆಸರೇನು ಎಂದು ಗೆಳತಿ ಕೇಳಿದಾಗ ತಬ್ಬಿಬ್ಬಾದದ್ದು, ಅದೂ ಅವನದೇ ತಪ್ಪು. ಕತೆ ಕೇಳುವ ಮಗುವಿನಂತೆ ವೆಲ್ಡರ್ ಹೂಂಗುಟ್ಟುತ್ತ ಕೇಳಿದ. ಕಣ್ಣು ಒರೆಸಿಕೊಳ್ಳಲೂ ಕೈ ಎತ್ತಲಿಲ್ಲ, ಎತ್ತಿದರೆ ಎಲ್ಲಿ ಹೆದರುತ್ತಾಳೋ ಎಂದು.

ಪೇದೆ ಹೊತ್ತಾಯಿತು ಎಂದ. ಅವಳು ಅರ್ಧಕ್ಕೇ ನಿಲ್ಲಿಸಿದಳು, ಕೆನ್ನೆಯೆಲ್ಲ ಒದ್ದೆ.

"ಇನ್ನೂ ಮುಗಿದಿಲ್ಲ," ಎಂದಳು. "ಮುಂದಿನ ಶನಿವಾರಾನೂ ಬೈಯೋದಿದೆ. ಎಲ್ಲೂ ಹೋಗ್ಬೇಡ."

"ಇಲ್ಲಮ್ಮ," ಎಂದ ವೆಲ್ಡರ್. "ಇಲ್ಲೇ ಇರ್ತೀನಿ."