ಮೊಯ್ದಿನಾಕ ಇಲ್ಲದ ಮೂರು ತಿಂಗಳು

ಮೊಯ್ದಿನಾಕನ ಎಡಗಣ್ಣು ವೆಲ್ಡಿಂಗ್ ಬೆಂಕಿಗೆ ಅರ್ಧ ಹೋಗಿದೆ. ಬಹರೈನಿನ ಅಸ್ಕರ್ ಎಂಬಲ್ಲಿರುವ ನಮ್ಮ ವರ್ಕ್‌ಶಾಪಿನಲ್ಲಿ ಇಪ್ಪತ್ತಾರು ವರ್ಷ ಕಬ್ಬಿಣ ಬೆಸೆದವರು ಅವರು. ನಾನು ರಾಫೆಲ್, ಅಲ್ಲೇ ಸ್ಟೋರ್ ಕೀಪರ್. ವಯಸ್ಸು ಅರವತ್ತಾಯಿತು, ಇನ್ನು ವೀಸಾ ಇಲ್ಲ, ಊರಿಗೆ ಹೊರಡು ಎಂದು ನಮ್ಮ ಧಣಿ ಅರಬಾಬ ಮೊಯ್ದಿನಾಕನಿಗೆ ಹೇಳಿಯಾಗಿತ್ತು. ಆದರೆ ಹೆಂಡತಿ ಮೈಮೂನ ಈ ಬಹರೈನ್ ಮಣ್ಣಿನಲ್ಲೇ ಮಲಗಿದ್ದಾರೆ. ಶುಕ್ರವಾರ ಆ ಕಬರಿನ ಹತ್ತಿರ ಹೋಗಿ ಬಾರದೆ ಈ ಮನುಷ್ಯನಿಗೆ ಅನ್ನ ಇಳಿಯುವುದಿಲ್ಲ.

"ಇಪ್ಪತ್ತೈದು ವರ್ಷ ಬಿಡದೆ ಇದ್ದವರು ಪೌರತ್ವ ಕೇಳ್ಬಹುದಂತೆ ರಾಫೆಲ್. ಸಿಕ್ಕಿದ್ರೆ ಇಲ್ಲೇ ಸಾಯ್ಬಹುದು."

"ನಮಗೆಲ್ಲ ಎಲ್ಲಿ ಕೊಡ್ತಾರೆ ಮೊಯ್ದಿನಾಕ?"

"ಕೇಳ್ಲಿಕ್ಕೆ ಎಂತ ಮಾರಾಯ?"

ಇಬ್ಬರೂ ಪೌರತ್ವದ ಕಚೇರಿಗೆ ಹೋದೆವು. ಕೌಂಟರಿನ ಹೆಂಗಸು ಕಂಪ್ಯೂಟರ್ ನೋಡಿ ಹರಕು ಹಿಂದಿಯಲ್ಲಿ ಹೇಳಿದಳು: "ಚಾಚಾ, ನಿಮ್ಮದು ನಾಲ್ಕೇ ವರ್ಷ ಆದದ್ದು. ಅದಕ್ಕೆ ಮುಂಚೆ ನೀವಾಗಿಯೇ ಕೆಲಸ ಬಿಟ್ಟಿದ್ದೀರಿ, ಸಹಿ ಇದೆ. ಆಮೇಲೆ ಮೂರು ತಿಂಗಳು ವೀಸಾವೇ ಇಲ್ಲ. ಲೆಕ್ಕಕ್ಕೆ ನೀವು ಇಲ್ಲಿ ಇರಲೇ ಇಲ್ಲ."

"ಯಾವ ಮೂರು ತಿಂಗಳು?"

ಅವಳು ಹೇಳಿದಳು. ಮೊಯ್ದಿನಾಕ ಕೌಂಟರಿನತ್ತ ಬಾಗಿದರು.

"ನನ್ನ ಮೈಮೂನ ಹೋದದ್ದು ಆಗಲೇ ಅಲ್ವಾ? ನಾನು ಇರ್ಲಿಲ್ಲ ಅಂದ್ರೆ ಕಬರಿಗೆ ಇಳಿದು ಅವಳನ್ನು ಮಲಗಿಸಿದ್ದು ಯಾರು ಮಗಳೇ?"

ಅವಳು ಪಾಪ, ಸಹಿ ಹಾಕಿದ ಕಾಗದದ ಪ್ರತಿ ತೆಗೆದುಕೊಟ್ಟಳು.

ಆ ಕಾಗದ ನನಗೆ ಚೆನ್ನಾಗಿ ನೆನಪಿದೆ. ಅದು ರಾಜೀನಾಮೆ ಎಂದು ಗೊತ್ತಾದದ್ದು ಮಾತ್ರ ಈಗ. ನಾಲ್ಕೈದು ವರ್ಷಕ್ಕೊಮ್ಮೆ ನಮ್ಮ ಬೋರ್ಡ್ ಬದಲಾಗುತ್ತದೆ. ಅದೇ ಶೆಡ್, ಅದೇ ಯಂತ್ರ, ಅದೇ ಅರಬಾಬ, ಹೆಸರು ಮಾತ್ರ ಹೊಸದು; ಆ ಹೆಸರಿನಲ್ಲಿ ವೀಸಾ ಆಗುವಾಗ ತಿಂಗಳುಗಳೇ ಕಳೆಯುತ್ತವೆ. ಬೋರ್ಡ್ ಬದಲಿಸುವ ದಿನ ಎಲ್ಲರಿಗೂ ಬಿರಿಯಾನಿ, ಜೊತೆಗೆ ಅರಬ್ಬಿಯಲ್ಲೊಂದು ಕಾಗದ. ಮೊಯ್ದಿನಾಕನಿಗೆ ಮದ್ರಸದಲ್ಲಿ ಕಲಿತ ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ. ಮೇಲೆ ಬಿಸ್ಮಿಲ್ಲಾ ಕಂಡರೆ ಸಾಕು, ಕಾಗದವನ್ನು ಕಣ್ಣಿಗೊತ್ತಿ, ಮುತ್ತಿಟ್ಟು ಸಹಿ ಹಾಕುವರು. "ದೇವರ ಹೆಸರುಂಟು, ಹಾಕಿ ಹಾಕಿ" ಎನ್ನುವರು. ಅವರ ಹಿಂದೆ ನಾವು ಮೂವತ್ತು ಮಂದಿಯೂ ಹಾಕಿದೆವು. ಥೂ, ನಮ್ಮ ಬುದ್ಧಿಗಿಷ್ಟು!

ಕಳೆದ ಗುರುವಾರ ಮತ್ತೆ ಬಿರಿಯಾನಿ ಬಂತು. ಮ್ಯಾನೇಜರ್ ಫೈಝಲ್ ನಮ್ಮೂರ ಕಡೆಯವನೇ. ಕಾಗದ ಹಿಡಿದು ಸೀದಾ ಮೊಯ್ದಿನಾಕನ ಬಳಿ ಬಂದ.

"ಕಾಕಾ, ನೀವು ಹಾಕಿದ್ರೆ ಎಲ್ರೂ ಹಾಕ್ತಾರೆ."

ಮೊಯ್ದಿನಾಕ ಕಾಗದವನ್ನು ಕಣ್ಣಿಗೊತ್ತಿದರು, ಮುತ್ತಿಟ್ಟರು. ಆದರೆ ಅವರು ಪೆನ್ನು ಮುಟ್ಟಲಿಲ್ಲ.

"ಮೇಲಿನ ಗೆರೆ ಅಲ್ಲಾಹುವಿನದ್ದು. ಅದಕ್ಕೆ ಮುತ್ತು ಕೊಟ್ಟಾಯ್ತು. ಕೆಳಗಿನದ್ದು ನಿನ್ನ ಅರಬಾಬನದ್ದು. ಅದನ್ನು ಓದಿ ಅರ್ಥ ಹೇಳು. ಗಟ್ಟಿಯಾಗಿ ಹೇಳು, ಎಲ್ರಿಗೂ ಕೇಳ್ಬೇಕು."

"ಹೋಗುವ ಕಾಲಕ್ಕೆ ಎಂತ ಲಡಾಯಿ ಕಾಕಾ? ನಿಮ್ಮ ಟಿಕೆಟ್ ಆಗಿದೆ."

"ಹೋಗ್ತೇನೆ. ನನ್ನ ಮೈಮೂನ ಇಲ್ಲಿ ಒಬ್ಬಳೇ ಆಗ್ತಾಳೆ. ನಂದು ಮುಗೀತು ಫೈಝಲ್. ಇವರದ್ದು ಮುಗೀಲಿಲ್ಲ. ಓದು!"

ಅವರ ಎರಡೂ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಫೈಝಲ್ ಓದಲಿಲ್ಲ, ನನ್ನ ಕಡೆ ತಿರುಗಿದ.

"ರಾಫೆಲ್, ನೀನಾದ್ರೂ ಹಾಕು."

"ಓದು," ಎಂದೆ.

ಹಿಂದಿನಿಂದ ಬಿಹಾರದವನೊಬ್ಬ ಕೂಗಿದ, "ಪಢೋ!" ಆಮೇಲೆ ಬಂಗಾಳಿ, ಆಮೇಲೆ ಮಲಯಾಳಿ. ಬಿರಿಯಾನಿ ಆರಿ ತಣ್ಣಗಾಯಿತು. ಒಬ್ಬರೂ ಕೈ ತೊಳೆಯಲು ಏಳಲಿಲ್ಲ.