ಅಬೆಲನ ಹೊಕ್ಕುಳಬಳ್ಳಿ ಕಟ್ಟಿದ ಮರ

ಬೆಳಕು ಹರಿಯುತ್ತಲೇ ಹನ್ನೆರಡು ಗಂಡಸರು ಮಚ್ಚು ಕೊಡಲಿ ಹಿಡಿದು ಬಂದುಬಿಟ್ಟರು. ತೊಲೆದೊ ಬೆಟ್ಟಗಳ ಆ ಕೆಕ್ಚಿ ಬುಡಕಟ್ಟಿನ ಊರಿನಲ್ಲಿ ಮೆಕ್ಕೆಜೋಳಕ್ಕೆ ಕಾಡು ಸವರುವುದೆಲ್ಲ ಮುಯ್ಯಾಳಿನಲ್ಲೇ. ಇವತ್ತು ಇವನ ಹೊಲ, ನಾಳೆ ಅವನದು. ಆ ದಿನ ತೊಮಾಸಾಳ ಮನೆಯ ಸರದಿ. ಅವಳು ಬಂದವರಿಗೆಂದು ಇಟ್ಟ ಕೋಳಿಸಾರನ್ನು ಒಲೆಯ ಮೇಲೇ ಬಿಟ್ಟು ಓಡಿಬಂದು, ಹೊಲದ ನಡುವಿನ ದೊಡ್ಡ ಮರಕ್ಕೆ ಬೆನ್ನು ಕೊಟ್ಟು ನಿಂತಳು. ಮಗ ಅಬೆಲ್ ಹುಟ್ಟಿದಾಗ ಅವನ ಹೊಕ್ಕುಳಬಳ್ಳಿಯನ್ನು ಅದರ ಕೊಂಬೆಗೇ ಕಟ್ಟಿದ್ದರು, ಗಂಡುಮಗು ಮರದೆತ್ತರ ಬೆಳೆಯಲಿ ಅಂತ. ಎಲ್ಲಿ ಬೆಳೆದೀತು! ನಾಲ್ಕು ತುಂಬುವುದರೊಳಗೆ ಜ್ವರ ನುಂಗಿಕೊಂಡಿತು. ಈಗ ಆ ಕೊಂಬೆಯ ಬುಡದಲ್ಲಿ ಗೆದ್ದಲು ಹಂಡೆಯಷ್ಟು ದೊಡ್ಡ ಗೂಡು ಕಟ್ಟಿದೆ.

"ಇದೊಂದನ್ನ ಬಿಟ್ಬಿಡಿ," ಎಂದಳು.

ಗಂಡ ಎರ್ಮೆಲಿಂದೊನಿಗೆ ನಾಲ್ಕು ಜನರೆದುರು ತಲೆ ತಗ್ಗಿಸುವಂತಾಯಿತು. ಗಂಡಸರ ಮಾನ, ಕೇಳಬೇಕೇ!

"ಸುಮ್ನಿರೇ. ಹೋದ ಜೀವ ಇಲ್ಲೇ ಕೂತಿರುತ್ತಾ? ಆ ನೀಲಿ ಚಿಟ್ಟೆ ನೋಡು. ಈ ನೆರಳು ಹೋದ್ರೆ ಇನ್ನೊಂದು ನೆರಳಿಗೆ ಹೋಗುತ್ತೆ. ಜೀವಾನೂ ಹಂಗೇ."

"ನನ್ ಮಗ ಚಿಟ್ಟೆ ಅಲ್ಲ. ಈ ಗೆದ್ದಲು ನೋಡು, ಬೆಳಕೇ ಕಾಣ್ದೆ ಮಣ್ಣಿನ ಕೊಳವೇಲೇ ಓಡಾಡ್ಕೊಂಡು ಈ ಮರಾನೇ ನಂಬ್ಕೊಂಡಿದಾವೆ. ಮರ ಉರುಳಿದ್ರೆ ಎಲ್ಲಿಗ್ ಹೋಗ್ತಾವೆ? ಅಬೆಲ್ ಒಬ್ನೇ ಅಂಗಳ ದಾಟ್ದೋನಲ್ಲ. ಅವ್ನು ಎಲ್ಲಿಗ್ ಹೋಗ್ತಾನೆ, ಹೇಳು!"

"ಗೆದ್ದಲಂತೆ! ಕೋಳಿಮರಿಗೆ ಹಾಕೋದನ್ನ ಮಗನಿಗೆ ಹೋಲಿಸ್ತಾಳಲ್ಲಪ್ಪ," ಎಂದು ಒಬ್ಬ ನಕ್ಕ. ಉಳಿದವರು ನಗಲಿಲ್ಲ.

ಎರ್ಮೆಲಿಂದೊ ಅವಳ ರಟ್ಟೆ ಹಿಡಿದು ಪಕ್ಕಕ್ಕೆ ಸರಿಸಿ ಕೊಡಲಿ ಎತ್ತಿದ. ಎತ್ತಿದ ಕೊಡಲಿ ಮೇಲೆಯೇ ನಿಂತಿತು.

ಹಿರಿಯ ಕ್ರಿಸಾಂತೊ ಹತ್ತಿರ ಬಂದ. "ಧೂಪ ಹಾಕಿ ಬೆಟ್ಟದೊಡೆಯನ ಅಪ್ಪಣೆ ಕೇಳಿದ್ಯೇನೋ?"

"ಕೇಳ್ದೆ ಅಜ್ಜ. ಒಂದೊಂದು ಮರದ ಹೆಸರೂ ಹೇಳಿ ಕೇಳ್ದೆ."

"ಇದನ್ನೂ?"

ಅವನು ಕೊಡಲಿ ಇಳಿಸಿದ. "ಮೂರು ಸಲ ಬಾಯಿ ತೆಗ್ದೆ ಅಜ್ಜ. ಇದರ ಹೆಸ್ರು ಬರ್ಲಿಲ್ಲ."

ಅಪ್ಪಣೆ ಕೇಳದ ಮರಕ್ಕೆ ಕೊಡಲಿ ಹಾಕಿದವನನ್ನು ಹಾವು ಕಚ್ಚದೆ ಬಿಡುವುದಿಲ್ಲ. ಊರಲ್ಲಿ ಇದು ಎಳೆಮಕ್ಕಳಿಗೂ ಗೊತ್ತು. "ಈ ಮರ ನಿಲ್ಲಲಿ. ಸವರಿದ್ದನ್ನ ಸುಡುವಾಗ ಬೆಂಕಿ ಇತ್ತ ಬರಬಾರದು, ಸುತ್ತ ತರಗು ಬಳೀರಿ," ಎಂದ ಕ್ರಿಸಾಂತೊ. ನಕ್ಕವನೇ ಮೊದಲು ಬಗ್ಗಿದ.

ಮಗುವನ್ನು ಮಣ್ಣು ಮಾಡಿದ ದಿನ ಗಂಡನ ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ. ಇವನೆದೆ ಕಲ್ಲು ಎಂದು ತೊಮಾಸಾ ಎರಡು ವರ್ಷದಿಂದ ಒಳಗೊಳಗೇ ಶಪಿಸುತ್ತಿದ್ದಳು. ಈಗ ಅವನು ಮರಕ್ಕೆ ಹಣೆಯೊತ್ತಿ, ಜನರ ಹಂಗಿಲ್ಲದೆ ಬಿಕ್ಕಿ ಬಿಕ್ಕಿ ಅತ್ತ. ಅವಳು ಅವನ ಬೆನ್ನ ಮೇಲೆ ಕೈಯಿಟ್ಟಳು.